ಎಡಗಡೆ ಕೂತವಳು

ಮೊದಲು ಧೂಳು ಬಂತು, ಆಮೇಲೆ ಒಂದು ಬೆಕ್ಕು,
ಆಮೇಲೆ ಜೆನ್ಸನ್.
ಟಾರ್ಪಾಲಿನ ಒಂದು ತುದಿ ಖಲ್ಫಾನರ ಕೈಯಲ್ಲಿ,
ಇನ್ನೊಂದು ನನ್ನ ಕೈಯಲ್ಲಿ.
ಇಬ್ಬರೂ ಸ್ವಲ್ಪ ಹೊತ್ತು ಕೆಮ್ಮಿದೆವು.

ಎಪ್ಪತ್ತನಾಲ್ಕರ ಗಾಡಿ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ,
ಮೈಯ ಗೆರೆ ಎಳೆದವ ಇಟಲಿಯವ,
ಹೊಟ್ಟೆಯೊಳಗಿನ ಎಂಟು ಸಿಲಿಂಡರು ಅಮೆರಿಕದ್ದು,
ಬಣ್ಣ ತಿಂದ ಬಿಸಿಲು ಶಾರ್ಜಾದ್ದು.
ನಿನ್ನದು ಯಾವೂರು ಎಂದು ಕೇಳಹೋಗಲಿಲ್ಲ ನಾನು.
ತಿರುಗಿ ಕೇಳಿದರೆ?

ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಪ್ಪತ್ತೇಳು ವರ್ಷ
ಸ್ಪೇರ್ ಪಾರ್ಟಿನ ಕೌಂಟರಿಗೆ ಮೊಣಕೈ ಊರಿ ನಿಂತವ,
ಜೇಬಿನಲ್ಲಿ ಆಯಸ್ಕಾಂತದ ಚೂರು ಇಟ್ಟುಕೊಂಡೇ ಹೋಗಿದ್ದೆ.
ಬಾಗಿಲ ಕೆಳಗೆ ಹಿಡಿದೆ; ಅಂಟಲಿಲ್ಲ.
ಅಲ್ಲಿ ಕಬ್ಬಿಣವೇ ಇರಲಿಲ್ಲ, ಪುಟ್ಟಿ ಇತ್ತು,
ಪುಟ್ಟಿಯ ಮೇಲೆ ಒಂದು ಕೋಟು ನಂಬಿಕೆ.
ಖಲ್ಫಾನರು ಬೇವಿನ ಮರದ ಕಡೆ ನೋಡಿದರು.
"ಅಪ್ಪ ಇದರಲ್ಲಿ ಬೈರೂತಿಗೆ ಹೋಗಿ ಬಂದಿದ್ದಾರೆ, ಎರಡು ಸಲ" ಅಂದರು.
ತುಕ್ಕಿಗೆ ಅದೇ ಉತ್ತರ.

ಸೀಟಿನ ಚರ್ಮ ಹಿಮ್ಮಡಿಯ ಹಾಗೆ ಒಡೆದಿತ್ತು.
ಬೂದಿಡಬ್ಬಿಯಲ್ಲಿ ಮೂರು ಖರ್ಜೂರದ ಬೀಜ.
ಪೆಟ್ರೋಲಿನ ಮುಳ್ಳಿಗೆ ಬರುವುದು ಎರಡೇ ಮಾತು:
ಉಂಟು, ಇಲ್ಲ.
ಗಡಿಯಾರ ಯಾವುದೋ ಹತ್ತೂಕಾಲಿಗೆ ನಿಂತುಬಿಟ್ಟಿದೆ.
ಎಂಜಿನ್ನು ಮಾತ್ರ, ನಾಲ್ಕು ಸಲ ಬೇಡವೆಂದು,
ಐದನೆಯ ಸಲಕ್ಕೆ ಗಂಟಲು ಸರಿಮಾಡಿಕೊಂಡು
ಗೋಡೆಯ ಮೇಲಿನ ಪಾರಿವಾಳಗಳನ್ನೆಲ್ಲ ಎಬ್ಬಿಸಿತು.
ನನ್ನ ಮುಖದಲ್ಲಿ ಏನೋ ಕಂಡಿರಬೇಕು,
ಚೌಕಾಸಿಯಲ್ಲಿ ಅಲ್ಲಿಗೇ ಸೋತೆ.
ಮೂವತ್ತು ಸಾವಿರಕ್ಕೆಂದು ಹೋದವ
ನಲವತ್ತೊಂದು ಸಾವಿರ ದಿರಮು ಎಣಿಸಿಕೊಟ್ಟೆ.
ಟಾರ್ಪಾಲು ಧರ್ಮಕ್ಕೆ. ಬೆಕ್ಕು ಅವರಿಗೆ.

ವನಮಾಲ ಒಂದು ಸುತ್ತು ಬಂದಳು.
"ಎಷ್ಟು ಜನ ಕೂರಬಹುದು?"
"ಮುಂದೆ ಇಬ್ಬರು. ಹಿಂದೆಯೂ ಇಬ್ಬರು, ಕಾಲಿಲ್ಲದಿದ್ದರೆ."
ನಗಲಿಲ್ಲ. ಹಿಂಬದಿಯ ಗಾಜಿನ ಗುಮ್ಮಟಕ್ಕೆ ಬೆರಳು ತಾಗಿಸಿ,
"ಸಂಡಿಗೆ ಒಣಗಿಸಲಿಕ್ಕೆ ಆದೀತು" ಅಂದಳು.
ಚೀಟಿ ಎತ್ತಿದ ಹಣದ ಮಾತು ಆ ದಿನ ಬರಲಿಲ್ಲ;
ಬರದೇ ಇದ್ದದ್ದೇ ಜೋರಾಗಿ ಕೇಳಿಸಿತು.

ಪಾಸಿಂಗಿನಲ್ಲಿ ಎಳೆಯ ಇನ್‌ಸ್ಪೆಕ್ಟರು ತಲೆಯಾಡಿಸಿದ.
ಸ್ಟಿಯರಿಂಗು ಬಲಕ್ಕೆ, ಈ ರಸ್ತೆಗೆ ಆಗದು.
ಮತ್ತೆ ಇಸವಿ ನೋಡಿದ. ಕ್ಲಾಸಿಕ್, ಅಂದ,
ಠಸ್ಸೆ ಒತ್ತಿದ.
ಹಳೆಯದಾದ್ದಕ್ಕೆ ಮಾಫಿ.
ಬರುವ ಮಾರ್ಚಿಗೆ ನನಗೆ ಅರವತ್ತು;
ವೀಸಾ ಟೈಪಿಂಗಿನ ಹುಡುಗ ಹೀಗೆ ಹೇಳಿರಲಿಲ್ಲ.

ಬೆಳಿಗ್ಗೆ ಐದಕ್ಕೆ, ಬಿಸಿಲು ಏಳುವ ಮೊದಲು, ಧೈದಿನ ದಾರಿ.
ಕಟಪಾಡಿಯ ಅಂಬಾಸಿಡರಿನಲ್ಲಿ ಕಲಿತ ಬಲಗಡೆಗೆ
ಇಷ್ಟು ವರ್ಷದ ಮೇಲೆ ಬಂದು ಕೂತಿದ್ದೇನೆ;
ಮೊಣಕೈ ತಾನಾಗಿ ಕಿಟಕಿ ಹುಡುಕುತ್ತದೆ.
ವನಮಾಲ ಎಡಗಡೆ,
ಇಲ್ಲಿ ಎಲ್ಲರೂ ಡ್ರೈವರನ್ನು ಹುಡುಕುವ ಕಡೆ.

ಪಂಪಿನ ಹುಡುಗ ಅವಳ ಕಿಟಕಿಗೇ ಬಗ್ಗಿದ: "ಎಷ್ಟು ಮೇಡಂ?"
ಆರು ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾದವಳು,
ಏಳನೆಯದಕ್ಕೆ ಫೀಸು ಕಟ್ಟುವುದಿಲ್ಲವೆಂದು
ಫೈಲು ಹರಿದವಳು,
ನನ್ನ ಕಡೆ ನೋಡದೆ
"ಫುಲ್" ಅಂದಳು.

ಆಮೇಲೆ ಎರಡೂ ಬದಿ ಮರಳು ಕೆಂಪಗಾಗುತ್ತಾ ಬಂತು.
ಎಂಬತ್ತು ದಾಟಿಸಲಿಲ್ಲ ನಾನು.
ಎಡದಿಂದ ಮುಂದೆ ಹೋದ ಲಾರಿಯ ಪಠಾಣ
ಹಾರ್ನು ಹೊಡೆದು, ಬಗ್ಗಿ, ಅವಳಿಗೆ ಸಲಾಮು ಕೊಟ್ಟ.
ಪಿಕಪ್ಪಿನ ಆಡುಗಳೂ ಅವಳನ್ನೇ ನೋಡಿದವು.
ಅವಳು ಬೆನ್ನು ನೆಟ್ಟಗೆ ಮಾಡಿದಳು.
ಮಡಿಲಲ್ಲಿದ್ದ ಕೈ ಎರಡೂ ಮೆಲ್ಲನೆ ಮೇಲೆದ್ದು
ಗಾಳಿಯಲ್ಲಿ ಒಂದು ಚಕ್ರ ಹಿಡಿದವು.
ತಿರುವಿನಲ್ಲಿ ನಾನು ತಿರುಗಿಸಿದಷ್ಟೇ ತಿರುಗಿಸಿದಳು,
ಕೂದಲೆಳೆಯಷ್ಟು ಮೊದಲು.

ಧೈದಿಗೆ ಎರಡು ಕಿಲೋಮೀಟರು ಇರುವಾಗ
ಬಿಸಿಯ ಮುಳ್ಳು ಏರಿತು. ಏರುತ್ತದೆಂದು ಗೊತ್ತಿತ್ತು;
ಡಿಕ್ಕಿಯಲ್ಲಿ ನಾಲ್ಕು ಕ್ಯಾನು ನೀರು ಇತ್ತು.
"ನಿಲ್ಲಿಸುವಾ" ಅಂದೆ.
ಅವಳು ಕನ್ನಡಿ ನೋಡಿದಳು,
ಭುಜದ ಮೇಲಿಂದ ಹಿಂದೆ ನೋಡಿದಳು,
ನನ್ನ ಕಾಲು ಬ್ರೇಕು ಮುಟ್ಟುವ ಮೊದಲೇ
ಅವಳ ಚಪ್ಪಲಿ ನೆಲ ಒತ್ತಿತ್ತು.