ಉಳಿದದ್ದು

ಗಸಗಸೆ ಕಾಳಿನ ಅರ್ಧದಷ್ಟು ಒಂದು ಉಂಡೆ.
ಯಾರದೋ ಯಕೃತ್ತಿನಿಂದ ಯಾವಾಗಲೋ ತೆಗೆದ ಕೋಶಗಳು
ಬಟ್ಟಲಿನ ತಳಕ್ಕೆ ಅಂಟಲೊಲ್ಲದೆ
ಒಂದನ್ನೊಂದು ತಬ್ಬಿ
ಹನ್ನೊಂದು ದಿನದಲ್ಲಿ ದುಂಡಗಾದವು.
ಮೇಲೆ ಬೆಳ್ಳಿಯ ಕಣ ಕದಡಿದ ನೀರು ಹನಿಸಿದೆ.
ಬೆಳ್ಳಿಯೆಂದರೆ ಯಾರೂ ನಂಬರು,
ಹಳದಿ, ತಿಳಿ ಚಹಾದ ಹಾಗೆ.

ಒಂದು ದಿನ ಬಿಟ್ಟು ಸೂಕ್ಷ್ಮದರ್ಶಕಕ್ಕೆ ಇಟ್ಟೆ.
ಚಾಕು ತಾಗಿಸದೆ, ಬೆಳಕಿನ ತೆಳು ಹಾಳೆಯಿಂದಲೇ
ತೊಂಬತ್ತಾರು ಸೀಳು.
ಮೊದಲ ಹತ್ತರಲ್ಲಿ ಬೆಳ್ಳಿಯೋ ಬೆಳ್ಳಿ,
ಮದುವೆಗೆ ಬಂದವರು ಚಪ್ಪಲಿ ಬಿಡುವಲ್ಲೇ ಮಾತಿಗೆ ನಿಂತ ಹಾಗೆ.
ಇಪ್ಪತ್ತರಲ್ಲಿ ಅಲ್ಲೊಂದು ಇಲ್ಲೊಂದು.
ನಲವತ್ತರ ಹೊತ್ತಿಗೆ ಕತ್ತಲು.
"ನಡುವಿಗಿ ಮುಟ್ಟಿಲ್ಲ, ಬರದ್ಬಿಡು" ಅಂದರು ಮೇಡಂ.
ಪೆನ್ನು ತೆಗೆದೆ. ಬರೆಯಲಿಲ್ಲ.
ಬೆಳ್ಳಿ ಒಳಗೆ ಹೋಗಿಲ್ಲವೋ,
ಒಳಗೆ ಹೋದ ಬೆಳಕು ಹೊರಗೆ ಬಂದಿಲ್ಲವೋ?

ನನ್ನ ಖೋಲಿ ಬೀದರಿನ ಹಳೇ ಓಣಿಯಲ್ಲಿ,
ಕೆಳಗೆ ಮಕ್ಬೂಲ್ ಮಾಮುವಿನ ಬಿದರಿ ಕಾರ್ಖಾನೆ.
ಅಂದು ಸಂಜೆ ಅವರ ತೊಡೆಯ ಮೇಲೊಂದು ಸುರಾಹಿ.
ಗೆರೆ ಕೊರೆದು, ತಂತಿ ಬಡಿದು, ಉಜ್ಜಿ ಮುಗಿದಿತ್ತು.
ಸತುವೂ ಬಿಳಿ, ಬೆಳ್ಳಿಯೂ ಬಿಳಿ.
"ಹೂವು ಎಲ್ಲದ ಮಾಮು?"
"ಅಲ್ಲೇ ಅದ ಬೇಟಿ."
ಕೋಟೆಯೊಳಗಿನ ಮಣ್ಣು ಒಂದು ಚಿಟಿಕೆ ನಾಲಿಗೆಗಿಟ್ಟು
ಕಣ್ಣು ಮುಚ್ಚಿದರು, ಉಗುಳಿದರು, ತಲೆಯಾಡಿಸಿದರು.
ನವಸಾಗರದ ಜತೆ ಕುದಿಸಿ ತಿಕ್ಕಿದರು.
ಸುರಾಹಿ ಕಪ್ಪಾಯಿತು. ಹೂವು ಇದ್ದಲ್ಲೇ ಇತ್ತು.
"ಬೆಳ್ಳೀಗಿ ನಾ ಏನೂ ಮಾಡಂಗಿಲ್ಲ, ಜಗದೇವಿ.
ಉಳಿದದ್ದಕ್ಕ ಮಾಡ್ತೀನಿ."

ಮಾಮು ಉಳಿದದ್ದನ್ನು ಕಪ್ಪು ಮಾಡುತ್ತಾರೆ,
ನಾನು ಗಾಜು ಮಾಡಬೇಕು.
ಉಂಡೆಯ ಕೊಬ್ಬು ತೊಳೆದು, ದ್ರವ ಬದಲಿಸಿ, ಮತ್ತೆ ಬದಲಿಸಿ
ಮೂರು ದಿನ. ನಡುವೆ ಎರಡು ಸಲ ಕರೆಂಟು ಹೋಯಿತು.
ನಾಲ್ಕನೆಯ ಬೆಳಿಗ್ಗೆ ಬಟ್ಟಲಲ್ಲಿ ಉಂಡೆಯೇ ಇಲ್ಲ;
ಚೆಲ್ಲಿಬಿಟ್ಟೆನೇನೋ ಎಂದು ಎದೆ ಧಸಕ್ಕೆಂದಿತು.
ಓರೆ ಹಿಡಿದರೆ ಅಂಚೊಂದು ಮಿನುಗಿತು, ಅಷ್ಟೆ.

ಮತ್ತೆ ತೊಂಬತ್ತಾರು ಸೀಳು.
ನಲವತ್ತೆಂಟನೆಯದರಲ್ಲಿ,
ಉಸಿರು ಸಿಗದೆ ಎಲ್ಲಕ್ಕೂ ಮೊದಲು ಸತ್ತ ಕೋಶಗಳ ನಡುವೆ,
ಏಳು ಚುಕ್ಕಿ.
ಎಂಟನೆಯದು ಧೂಳಿರಬಹುದು.
ಅದನ್ನೂ ಬರೆದೆ, ಪಕ್ಕಕ್ಕೊಂದು ಪ್ರಶ್ನೆಚಿಹ್ನೆ ಹಾಕಿ.

ಏಳರಿಂದ ಏನಾಗತದ ಅಂತ ಕೇಳಿದರು ಮೇಡಂ.
ಗೊತ್ತಿಲ್ಲ.
ನಾಲಿಗೆಗಿಟ್ಟು ನೋಡುವ ಹಾಗಿಲ್ಲ ಇದನ್ನು.