ಗೆಣ್ಣಿಲ್ಲದ ಗಡ್ಡೆ

ಇನ್ನೂರ ಹದಿನಾಲ್ಕನೇ ಬಾಟಲಿಗೆ
ಇವತ್ತಿಗೂ ಬೂಷ್ಟು ಹಿಡಿದಿಲ್ಲ.
ಬೆಳಕಿಗೆ ಹಿಡಿದು, ಒಂದು ಸುತ್ತು ತಿರುಗಿಸಿ
ಹಲಗೆಯ ಮೇಲಿಡುತ್ತೇನೆ,
ನಿದ್ದೆಹೋದ ಕೂಸಿನ ತಲೆಯಡಿಯಿಂದ
ತೋಳು ಎಳೆದುಕೊಂಡಷ್ಟು ಮೆಲ್ಲಗೆ.

ಒಳಗಿರುವುದು ಸತುವಾ.
ರಸುವಾದ ಕಾಡಲ್ಲಾದರೆ ಏಳೆಲೆಯ ಕೊಡೆ ಬಿಚ್ಚಿ
ನೆತ್ತಿಯ ಮೇಲೊಂದು ಹಸಿರು ಹೂ ಹೊತ್ತು
ಓಕ್ ಮರದ ನೆರಳಲ್ಲಿ ನಿಲ್ಲುವ ಗಿಡ.
ಲಲಿತಪುರದ ಈ ಮೂರನೇ ಮಹಡಿಯಲ್ಲಿ
ಅಕ್ಕಿಕಾಳಿನಷ್ಟು ಹಸಿರು,
ಸಕ್ಕರೆ ಬೆರೆಸಿ ಹೆಪ್ಪುಗಟ್ಟಿಸಿದ ಗಂಜಿಯ ಮೇಲೆ.

ಅಜ್ಜಿ ಫುರ್ಪು ಅಗೆಯುವ ಮೊದಲು
ಕೈಯಲ್ಲೇ ಮಣ್ಣು ಸರಿಸಿ ಗೆಣ್ಣು ಎಣಿಸುತ್ತಿದ್ದಳು.
ವರ್ಷಕ್ಕೊಂದು ಗೆಣ್ಣು.
ಹಿಮ ಹೆಚ್ಚಾದ ವರ್ಷದ್ದು ಗಿಡ್ಡ,
ಭೂಮಿ ನಡುಗಿದ ವರ್ಷದ್ದು ಸೊಟ್ಟ.
ಹಾಗಂತ ಅವಳು ಹೇಳಿದ್ದು, ನಾನು ಅಳೆದು ನೋಡಿಲ್ಲ.
"ಹನ್ನೊಂದು ಗೆಣ್ಣಿನವಳನ್ನು ತೆಗೆ, ಐದರವಳನ್ನು ಬಿಡು.
ತೆಗೆದರೂ ತಲೆ ಮುರಿದು ಅಲ್ಲೇ ಹೂಳು.
ಮುದಿ ಮೈ ನಮಗೆ, ಮೊಗ್ಗಿನ ತಲೆ ಬೆಟ್ಟಕ್ಕೆ."

ಆಮೇಲೆ ಗಡಿಯಾಚೆಯಿಂದ ಬೆಲೆ ಬಂತು.
ಚೀಲ ಬಂದವು, ತಕ್ಕಡಿ ಬಂತು,
ಎರಡು ಗೆಣ್ಣಿನವೂ ತಕ್ಕಡಿ ಏರಿದವು.
ತಲೆಗೂ ತೂಕವಿತ್ತು; ಯಾರೂ ಹೂಳಲಿಲ್ಲ.
ನಮ್ಮಪ್ಪನೂ ಮಾರಿದ. ಆ ದುಡ್ಡಲ್ಲೇ ನಾನು ಓದಿದ್ದು.
ಈ ಕೆಲಸದ ಅರ್ಜಿಯಲ್ಲಿ ಇದನ್ನು ಬರೆದಿರಲಿಲ್ಲ.

ಈಗ ನನ್ನ ಕಸುಬು ತಲೆ ಕೊಯ್ಯುವುದು.
ಸ್ಪಿರಿಟ್ ದೀಪದಲ್ಲಿ ಅಲಗು ಕಾಯಿಸಿ, ಆರಿಸಿ,
ಮೊಗ್ಗಿನ ತುದಿ ಮಾತ್ರ ಎತ್ತಿ
ಮುದಿ ಮೈ ಬುಟ್ಟಿಗೆ.
ಅದಕ್ಕೂ ಮೊದಲು ತೊಳೆಯಬೇಕು: ನಲ್ಲಿ ನೀರು ಒಂದು ಗಂಟೆ,
ಸೋಪು, ಬ್ಲೀಚು, ಕೊನೆಗೆ
ಹೆಸರು ಹೇಳಿದರೂ ಕೈ ತೊಳೆದುಕೊಳ್ಳಬೇಕೆನಿಸುವ ವಿಷ.
ಆದರೂ ಮೂರನೇ ದಿನ ಗಡ್ಡೆಯ ಒಳಗಿಂದಲೇ
ಬಿಳಿ ನೂಲು ಹರಿದು ಬರುತ್ತದೆ.
ಬೆಟ್ಟ ಎಲ್ಲಿ ಅಡಗಿ ಕೂತಿತ್ತೋ!
ಇನ್ನೂರ ಹದಿಮೂರನ್ನೂ ಕುದಿಸಿ ಚೆಲ್ಲಿದ್ದೇನೆ.
ಕುದಿಸುವ ಮುಂಚೆ ಮುಚ್ಚಳ ತೆಗೆಯಬಾರದು, ನಿಯಮ.
ಒಮ್ಮೆ ತೆಗೆದೆ.
ನಮ್ಮ ಚೌರಿ ಕೊಟ್ಟಿಗೆಯ ಹಿಂದಿನ ನೆಲ, ಅದೇ ವಾಸನೆ.

"ಸುಕುಮಾಯಾ, ಎಷ್ಟು ಉಳಿದವು?"
ಬಾಗಿಲಲ್ಲಿ ಬಜ್ರಾಚಾರ್ಯ ಮೇಡಂ.
ಒಂದು, ಎನ್ನುತ್ತೇನೆ.
"ಒಂದಿದ್ದರೆ ಸಾವಿರ," ಎಂದು ಹೋಗಿಬಿಡುತ್ತಾರೆ.

ಆಗಬಹುದು ಸಾವಿರ.
ಆದರೆ ಈ ಟ್ಯೂಬ್‌ಲೈಟುಗಳಿಗೆ ಮಾಘ ಗೊತ್ತಿಲ್ಲ.
ಹದಿನಾರು ಗಂಟೆ ಹಗಲು, ಎಂಟು ಗಂಟೆ ಇರುಳು,
ದಿನಾ ಅದೇ ಇಪ್ಪತ್ತೆರಡು ಡಿಗ್ರಿ.
ಒಂದೂವರೆ ವರ್ಷವಾಯಿತು,
ಗಡ್ಡೆ ಹುಣಸೆಬೀಜದಂತೆ ನುಣ್ಣಗಿದೆ.

ಹೋದ ತಿಂಗಳು ಅಜ್ಜಿ ಕಣ್ಣಿನ ಪೊರೆ ತೆಗೆಸಲು ಬಂದಿದ್ದಳು.
ಚಪ್ಪಲಿ ಬಿಡಿಸಿ, ಬಾಯಿಗೆ ಬಟ್ಟೆ ಕಟ್ಟಿಸಿ ಒಳಗೆ ಕರೆತಂದೆ.
ಹೊಸ ಕಣ್ಣಲ್ಲಿ ಬಹಳ ಹೊತ್ತು ನೋಡಿದಳು.
ಗಾಜಿನ ಮೇಲೆ ಹೆಬ್ಬೆರಳಾಡಿಸಿ, ಎಣಿಸಹೋಗಿ, ನಿಂತಳು.
"ಇದಕ್ಕೆ ವಯಸ್ಸೆಷ್ಟೇ?"
ಒಂದೂವರೆ, ಎಂದೆ.
ಅಲ್ಲ, ತಾಯಿಗಡ್ಡೆಯದು ಸೇರಿಸಿದರೆ ಹನ್ನೆರಡೂವರೆ.
ಅಲ್ಲ ಅಜ್ಜಿ, ಇನ್ನೂ ಶುರುವೇ ಆಗಿಲ್ಲ.

ಅವಳು ನಗಲಿಲ್ಲ.
"ಫ್ರಿಜ್ಜು ಇದೆಯಲ್ಲ ನಿಮ್ಮಲ್ಲಿ, ಅದರೊಳಗಿಡು ಒಂದಷ್ಟು ದಿನ.
ಚಳಿ ತಿನ್ನದೆ ಯಾರಿಗೆ ಗೆಣ್ಣು ಬಂದಿದೆ?"

ಇವತ್ತು ದಫ್ತರದಲ್ಲಿ ಬರೆದೆ:
ಬಾಟಲಿ ೨೧೪. ನಾಲ್ಕು ಡಿಗ್ರಿ. ಕತ್ತಲೆ. ಹತ್ತು ವಾರ.
ಆಧಾರ ಎಂಬ ಖಾನೆಯಲ್ಲಿ: ಫುರ್ಪು, ಗತ್ಲಾಂಗ್.
ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದು
ಇರಬಾರದ ಮೇಡಂನ ಮೊಸರಿನ ಡಬ್ಬಿ
ಸ್ವಲ್ಪ ಆಚೆ ಸರಿಸಿದೆ.