ಮೌನದ ಸ್ವಿಚ್ಚು

ಕ್ಲೈಪೆಡಾ ಬಂದರಿನ ಆಸ್ಪತ್ರೆ, ಅದರ ನೆಲಮಾಳಿಗೆ,
ಬಟ್ಟೆ ಒಗೆಯುವ ಕೋಣೆಯ ಪಕ್ಕದ್ದು ನನ್ನದು.
ಗೋಡೆಯಾಚೆ ಹಾಸು ಹೊದಿಕೆ ದಡಬಡ ಉರುಳುತ್ತವೆ,
ಈಚೆ ನಾನು ಬುತ್ತಿ ಕಟ್ಟುತ್ತೇನೆ
ಸಾವಿರದ ನೂರ ನಲವತ್ತು ಕಂಪ್ಯೂಟರುಗಳಿಗೆ,
ಕುರ್ಚಿ ಬಿಟ್ಟೇಳದೆ, ಒಂದು ವಾರ್ಡಿನ ಮುಖವನ್ನೂ ನೋಡದೆ.

ಏನೇ ನಿನ್ನ ಕೆಲಸ, ಕೇಳುತ್ತಾಳೆ ಅತ್ತೆ,
ಬೀಟ್‌ರೂಟಿನ ತಣ್ಣನೆ ಗುಲಾಬಿ ಸಾರಿಗೆ ಸಬ್ಬಸಿಗೆ ಉದುರಿಸುತ್ತ.
ಯಾರೂ ಏನನ್ನೂ ಒತ್ತದಂತೆ ನೋಡಿಕೊಳ್ಳುವುದು, ಅನ್ನುತ್ತೇನೆ.
‘ಮುಂದೆ’ ಒತ್ತಬಾರದು, ‘ಒಪ್ಪಿದ್ದೇನೆ’ ಒತ್ತಬಾರದು,
‘ಮುಗಿಯಿತು’ ಒತ್ತುವ ಸುಖವೂ ಅವರಿಗೆ ಬೇಡ.
ರಾತ್ರಿ ಎರಡಕ್ಕೆ ಇಳಿಯಬೇಕು, ಬೆಳಿಗ್ಗೆ ಇರಬೇಕು.
ಉಪ್ಪಿನ ಹಾಗೋ?
ಹೂಂ. ಇದ್ದಾಗ ಯಾರೂ ಹೆಸರೆತ್ತುವುದಿಲ್ಲ.

ಮೌನವೇ ಸಮ್ಮತಿ ಅಂತ ಹಿಂದಿನವರು ಅಂದದ್ದು
ಇನ್‌ಸ್ಟಾಲರುಗಳನ್ನು ಕುರಿತೇ ಇರಬೇಕು:
ಒಂದು ಓರೆಗೆರೆ, ಅದರ ಬೆನ್ನಿಗೆ ಒಂದು ಪದ,
ನಲವತ್ತು ಪುಟದ ಕರಾರಿಗೆ ಇಡೀ ಆಸ್ಪತ್ರೆ ತಲೆಯಾಡಿಸುತ್ತದೆ
ನಿದ್ದೆಯಲ್ಲೇ.

ಈ ವಾರ ಬಂದದ್ದು, ರಕ್ತದ ಸೀಸೆಗೆ ಚೀಟಿ ಮುದ್ರಿಸುವ ಹಳೇ ಪ್ರೋಗ್ರಾಮು.
ಬರೆದವನು ಕೆಸ್ತೂತಿಸ್, ಮೂರನೇ ಮಹಡಿಯ ಲ್ಯಾಬಿನವನು,
ನಾನು ಸೇರುವ ಮುಂಚೆಯೇ ತೀರಿಕೊಂಡನಂತೆ.
ವಿಂಡೋಸ್ ಹೊಸದಾಗಲಿ, ಯಂತ್ರ ಹೊಸದಾಗಲಿ,
ಚೀಟಿ ಮಾತ್ರ ಅವನದೇ ಬೇಕಂತೆ.

ಏನೂ ಗೊತ್ತಿಲ್ಲದ ಖಾಲಿ ಯಂತ್ರವೊಂದನ್ನು ಎಬ್ಬಿಸಿದೆ,
ಅದರ ಮೈಯ ಲೆಕ್ಕ ಬರೆದುಕೊಂಡೆ, ಮಚ್ಚೆ ಮಚ್ಚೆ.
ಮೌನದ ಸ್ವಿಚ್ಚು ಹಾಕಿ ಓಡಿಸಿದೆ.
ಆದರೂ ಬಂತು ಪರದೆಯ ನಡುವೆ, ಬೂದು ಬಣ್ಣದ ಪುಟ್ಟ ಪೆಟ್ಟಿಗೆ:
‘ಕೈ ತೊಳೆದಿರಾ?’
ಕೆಳಗೆ ಒಂದೇ ಗುಂಡಿ:
‘ತೊಳೆದೆ.’

ಇಲ್ಲ ಅನ್ನಲು ಜಾಗವಿಲ್ಲ.
ಮೂಲೆಯಲ್ಲಿ ಮುಚ್ಚುವ ಗುರುತೂ ಇಲ್ಲ.
ಹೀಗೇ ಕಳಿಸಿದರೆ ಏನಾಗುತ್ತದೆ, ನನಗೆ ಗೊತ್ತು:
ನಡುರಾತ್ರಿ, ಬಳಕೆದಾರನಿಲ್ಲದ, ಕಣ್ಣಿಗೆ ಬೀಳದ ಒಳಕೋಣೆಯಲ್ಲಿ
ಪೆಟ್ಟಿಗೆ ತೆರೆದುಕೊಂಡು ಕೇಳುತ್ತದೆ, ಕಾಯುತ್ತದೆ,
ಕಾದೂ ಕಾದೂ ಸಮಯ ತೀರಿ
ಒಂದು ಸಾವಿರದ ಆರುನೂರ ಮೂರು ಎಂದು ಬರೆದು ಬೀಳುತ್ತದೆ.
ಏನೋ ಕೆಟ್ಟಿತು, ಏನೆಂದು ಕೇಳಬೇಡ ಅಂತ ಅರ್ಥ.

ಲ್ಯಾಬಿನ ಝಿವಿಲೆಗೆ ಫೋನು ಮಾಡಿದೆ. ನಕ್ಕಳು.
ಲಿಫ್ಟಿನಲ್ಲೂ ಕೇಳುತ್ತಿದ್ದ ಕಣೆ ಸ್ಕೈಸ್ತೆ,
ದೊಡ್ಡ ಡಾಕ್ಟರನ್ನೂ ಬಿಡಲಿಲ್ಲ,
ಕಡೆಗೆ ಅವನೇ ಮಲಗಿದ್ದಾಗ, ಡ್ರಿಪ್ ಚುಚ್ಚಲು ಹೋದ ನನ್ನನ್ನೂ.

ಗುಂಡಿ ಒತ್ತಿದೆ, ಒಂದೇ ಸಲ, ಎಲ್ಲರ ಪರವಾಗಿ.
ಮತ್ತೆ ಲೆಕ್ಕ ಬರೆದೆ. ಮೊದಲಿನದನ್ನು ಕಳೆದೆ.
ಉಳಿದದ್ದು ಏಳು ಕಡತ, ರಿಜಿಸ್ಟ್ರಿಯಲ್ಲಿ ಎರಡು ಕೀಲಿ,
ಒಂದು ಫಾಂಟು, ಒಡೆದು ಹೋದ ಒಂದು ಶಾರ್ಟ್‌ಕಟ್ಟು.
ಪ್ರಶ್ನೆ ಆ ಪಟ್ಟಿಯಲ್ಲಿ ಇರಲಿಲ್ಲ.
ಬಾಗಿಲಲ್ಲಿ ಕೇಳಿದ್ದು ಮನೆಯೊಳಗೆ ಬರುವುದಿಲ್ಲವಲ್ಲ.

ಇದ್ದಷ್ಟನ್ನು ಕಟ್ಟಿದೆ, ಗಂಟು ಬಿಗಿಸಿದೆ.
ವಿವರಣೆ ಅಂತ ಒಂದು ಕಿಂಡಿ ಇರುತ್ತದೆ,
ಯಾರೂ ತುಂಬುವುದಿಲ್ಲ, ಯಾರೂ ಓದುವುದಿಲ್ಲ.
ಅಲ್ಲಿ ಬರೆದೆ, ಅವನ ಅಕ್ಷರದಲ್ಲೇ, ಪ್ರಶ್ನಾರ್ಥಕ ಸಮೇತ.
ಮುಂದೆ ಈ ಕುರ್ಚಿಗೆ ಬರುವವರು ಯಾರೋ,
ಅವರಿಗೆ.

ಎರಡು ಗಂಟೆಗೆ ಬಿಟ್ಟೆ.
ಸೊನ್ನೆ, ಸೊನ್ನೆ, ಸೊನ್ನೆ. ನಮ್ಮಲ್ಲಿ ಸೊನ್ನೆಯೇ ಶುಭ.
ಕೆಲವು ಮೂರು ಸಾವಿರದ ಹತ್ತು: ಆಯಿತು, ಒಮ್ಮೆ ಮಲಗಿ ಏಳಬೇಕು.
ಹೆರಿಗೆ ವಾರ್ಡಿನ ಒಂದು ಮಾತ್ರ ಹಟ ಹಿಡಿದು
ಇಲ್ಲಿ ಬೇರೊಂದು ಕೆಲಸ ನಡೆದಿದೆ, ಆಮೇಲೆ ಬಾ, ಅಂದಿತು.
ಸರಿ ಅಂದೆ.

ಬೆಳಿಗ್ಗೆ ಏಳೂವರೆಗೆ ಝಿವಿಲೆಯ ಫೋನು.
ಚೀಟಿ ಬರುತ್ತಿದೆ, ಎಡಕ್ಕೆ ಎರಡು ಮಿಲಿಮೀಟರು ಓರೆ.
ಎದೆ ಧಸಕ್ಕೆಂದಿತು. ಮೊದಲು?
ಮೊದಲೂ ಅಷ್ಟೇ ಓರೆ, ಅಂದಳು,
ಸುಮ್ಮನೆ ಹೇಳಿದೆ,
ಅಂದು ಇಟ್ಟುಬಿಟ್ಟಳು.